ತಕರಾರು ಮೇಷ್ಟ್ರ ಮನೆ ತನಿಖೆ

ಆಟದ ಮೈದಾನಕ್ಕೂ ಕೋಟು ತೊಟ್ಟು ಬರುವ ವ್ಯಾಯಾಮ ಶಿಕ್ಷಕರನ್ನು ನಾನು ಈ ಜನ್ಮದಲ್ಲಿ ಕಂಡದ್ದು ಒಬ್ಬರನ್ನೇ. ಸೀಟಿಯ ಭಾರಕ್ಕೆ ಬಲಜೇಬು ಜೋತುಬಿದ್ದ ಕಂದು ಕೋಟು, ಗಾಳಿಯೊಡನೆ ಜಗಳಕ್ಕೆ ಹೊರಟಂತೆ ಮುಂಬಾಗಿದ ನಡಿಗೆ, ಮಾತಿಗೊಮ್ಮೆ 'ಹಾಗಂತ ಯಾರು ಹೇಳಿದ್ರು?' ಎನ್ನುವ ಚಟ, ಇಷ್ಟು ಸೇರಿದರೆ ನಮ್ಮ ಶಾಲೆಯ ತಕರಾರು ಮೇಷ್ಟ್ರು. ಬಿರುದು ಕೊಟ್ಟವರು ಎದುರಾಳಿ ಶಾಲೆಗಳವರು; ಇವರಿಗೋ ಅದು ಹೆಮ್ಮೆ.

ಕ್ರೀಡಾಕೂಟ ಸಮೀಪಿಸಿತೆಂದರೆ ಕೆಲವು ಶಾಲೆಗಳು ಪಕ್ಕದ ಜಿಲ್ಲೆಯ ಚುರುಕು ಮಕ್ಕಳನ್ನು ಎರವಲು ತಂದು ಸೇರಿಸಿಕೊಳ್ಳುತ್ತಿದ್ದವು. ಅದಕ್ಕೇ ಒಂದು ನಿಯಮ: ಜಿಲ್ಲೆ ಬದಲಿಸಿದ ವಿದ್ಯಾರ್ಥಿ ಒಂದು ವರ್ಷ ಸ್ಪರ್ಧಿಸಕೂಡದು, ಕುಟುಂಬವೇ ವಾಸ ಬದಲಿಸಿದ್ದರೆ ಮಾತ್ರ ವಿನಾಯಿತಿ. ಮೇಷ್ಟ್ರು ಕಾಗದಪತ್ರ ನಂಬುವ ಆಸಾಮಿಯೇ ಅಲ್ಲ. ನೆಟ್ಟಗೆ ಮನೆಗೇ ಹೋಗಿ ಬಾಗಿಲ ಬಳಿಯ ಚಪ್ಪಲಿ, ಹಗ್ಗದ ಮೇಲಿನ ಬಟ್ಟೆ, ಒಲೆಯ ಬಿಸಿ ನೋಡಿ ಬರುವವರು. ಹೀಗೆ ಎಷ್ಟೋ ಕಳ್ಳಾಟಗಳನ್ನು ಬಯಲಿಗೆಳೆದಿದ್ದರು.

ಆ ವರ್ಷ ಎದುರಾಳಿ ಶಾಲೆಗೆ ಹೊಸ ಓಟಗಾರ್ತಿಯೊಬ್ಬಳು ಬಂದಳು. ತಾಯಿ ನರ್ಸು, ವರ್ಗವಾಗಿ ಬಂದವರು. ತಂದೆ ಕೆಲಸದ ನಿಮಿತ್ತ ಹಳೆಯ ಜಿಲ್ಲೆಯಲ್ಲೇ ಉಳಿದಿದ್ದರು. ಅವಳಿಗೆ ಅದು ಶಾಲೆಯ ಕೊನೆಯ ವರ್ಷ. ಈಗ ಓಡದಿದ್ದರೆ ಪದಕದ ಮಾತು ಮುಗಿದಂತೆ. ನಮ್ಮ ಕಡೆ ಓಡುವವಳು ಮೇಷ್ಟ್ರ ಸ್ವಂತ ಮಗಳು. ನಮ್ಮ ಮುಖ್ಯೋಪಾಧ್ಯಾಯರು ತಡಮಾಡದೆ ತಕರಾರು ಸಲ್ಲಿಸಿದರು. ಸ್ಟಾಫ್ ರೂಮಿನಲ್ಲಿ ಆಗಲೇ ಗೆದ್ದಷ್ಟು ಸಡಗರ.

ಮೇಷ್ಟ್ರು ಎಂದಿನಂತೆ ಮನೆ ನೋಡಲು ಹೊರಟರು, ಜೊತೆಗೆ ಸಹೋದ್ಯೋಗಿಯಾದ ನಾನು. ಎರಡು ಕೋಣೆಯ ಬಾಡಿಗೆ ಮನೆ. ಹೊರಬಂದ ಹುಡುಗಿಯ ಅಜ್ಜಿ, ಯಾರು ಏನು ಎಂದೂ ಕೇಳದೆ, ಒದ್ದೆ ಹೊದಿಕೆಯ ಒಂದು ತುದಿಯನ್ನು ಮೇಷ್ಟ್ರ ಕೈಗಿತ್ತು ಹಿಂಡಲು ಹೇಳಿದರು. ಕೋಟಿನ ತೋಳು ತೊಯ್ದು ತೊಪ್ಪೆಯಾದರೂ ಮೇಷ್ಟ್ರು ಪರಮ ವಿಧೇಯರಾಗಿ ಹಿಂಡಿದರು. ಒಳಗೆ ಗೋಡೆಗೆ ತಾಗಿಸಿ ಹಾಕಿದ ಅಜ್ಜಿಯ ಮಂಚ, ಕೈಗೆಟಕುವಲ್ಲಿ ಔಷಧಿ, ಕಿಟಕಿಯಲ್ಲಿ ಕನ್ನಡಕ. ಎಲ್ಲವನ್ನೂ ನೋಡಿ ಹಿಂದಿರುಗಿದರು.

ಕ್ರೀಡಾಕೂಟದ ಬೆಳಿಗ್ಗೆ ತೀರ್ಪುಗಾರರ ಮುಂದೆ ಮುಖ್ಯೋಪಾಧ್ಯಾಯರು, ತಂದೆ ಬಾರದಿದ್ದಮೇಲೆ ಕುಟುಂಬ ಬಂದಂತಾಗಲಿಲ್ಲವೆಂದು ವಾದಿಸಿದರು.

"ಹಾಗಂತ ಯಾರು ಹೇಳಿದ್ರು?" ಎಂದರು ಮೇಷ್ಟ್ರು. "ಒಂದು ಓಟ ಗೆಲ್ಲೋಕೆ ಯಾರೂ ಅಜ್ಜಿನ ಮಂಚದ ಸಮೇತ ಸಾಗಿಸಲ್ಲ ಸಾರ್. ಸಂಸಾರಾನೇ ಬಂದಿದೆ. ಹುಡುಗಿ ಓಡ್ಲಿ."

ಮುಖ್ಯೋಪಾಧ್ಯಾಯರು ಇಂಗು ತಿಂದ ಮಂಗನಂತಾದರು. ತಡೆಯುವುದರಲ್ಲೇ ಹೆಸರಾದವರೇ 'ಓಡಲು ಬಿಡಿ' ಎಂದಮೇಲೆ ತೀರ್ಪುಗಾರರಿಗೆ ಬೇರೆ ಸಾಕ್ಷಿ ಯಾತಕ್ಕೆ? ಹುಡುಗಿ ಓಡಿದಳು. ಅಬ್ಬಾ, ಅದೇನು ಓಟ! ಅವಳ ಬೆನ್ನಿಗೇ, ಒಂದೇ ಮಾರು ಹಿಂದೆ, ಮೇಷ್ಟ್ರ ಮಗಳು.

"ಅವಳು ಇರದಿದ್ರೆ ನಾನೇ ಗೆಲ್ತಿದ್ದೆ ಅಲ್ವಾ ಅಪ್ಪ?" ಎಂದು ಆಕೆ ಏದುಸಿರಿನಲ್ಲೇ ಕೇಳಿದಳು.

"ಗೆಲ್ತಿದ್ದೆ. ಆದ್ರೆ ಇವತ್ತಿನಷ್ಟು ಜೋರಾಗಿ ಓಡ್ತಿರಲಿಲ್ಲ ಕಣೇ," ಎಂದ ಮೇಷ್ಟ್ರು ಇಬ್ಬರ ಬೆನ್ನನ್ನೂ ತಟ್ಟಿದರು.

ನಿಯಮದ ಕಾವಲಿಗೆ ನಿಂತವರನ್ನು ಕಲ್ಲೆದೆಯವರೆಂದು ನಾವು ಸುಲಭವಾಗಿ ಬಗೆದುಬಿಡುತ್ತೇವೆ. ಇಂಥವರಿಗೆ ಪ್ರೀತಿ ಬೇಲಿಯ ಮೇಲಲ್ಲ, ಒಳಗಿನ ಆಟದ ಮೇಲೆ. ಅವರು ಖುದ್ದಾಗಿ ನೋಡಿ, ಒಪ್ಪಿ, ಒಳಬಿಟ್ಟವಳು ಗೆದ್ದ ಪದಕಕ್ಕೆ ಮುಂದೆಂದೂ ಯಾರ ತಕರಾರೂ ಇರುವುದಿಲ್ಲ.