ಹದಿನೇಳನೇ ಮನೆಯ ಹೊಸ್ತಿಲು

ಈ ಕಥೆಯನ್ನು ಮೊದಲು ಹೇಳಿದವರು ಯಡ್ತರೆಯ ವನಜ. ಹೇಳಿದ್ದು 2024ರ ಸೋಣೆ ತಿಂಗಳ ಸಂಕ್ರಮಣದ ಸಂಜೆ, ಗುಡ್ಡದ ಮೇಲಿನ ಹೊಸ ಬಡಾವಣೆಯ ಇಪ್ಪತ್ತೆರಡನೇ ಮನೆಯ ಜಗಲಿಯಲ್ಲಿ. ಮರುದಿನದ ಪೂಜೆಗೆಂದು ಏಳು ಮಂದಿ ಹೆಂಗಸರು ಕೂತು ಹೂ ಬಿಡಿಸುತ್ತಿದ್ದರು. ವನಜ ಆ ಬಡಾವಣೆಯ ಮನೆಗಳನ್ನು ಗುಡಿಸಿ ಒರೆಸುವವರು. ಕಥೆ ನಡೆದಾಗ ಹಿಡಿಸೂಡಿ ಹಿಡಿದು ಎದುರಿಗೇ ನಿಂತಿದ್ದವರು. ಬ್ರಹ್ಮಾವರದ ಬಸ್ಸಿನಲ್ಲಿ ಇದೇ ಕಥೆ ಹೇಳುವವರು ಮೀನು ಮಾರುವ ಪದ್ದು ಹೊಸ್ತಿಲ ಮೇಲೆ ಏಳು ದಿನ ಕೂತಿದ್ದಳು ಎನ್ನುತ್ತಾರೆ. ಮರವಂತೆಯಲ್ಲಿ ಅದು ಐದು ದಿನ. ವನಜ ಬೆರಳು ಮಡಚಿ ಹೇಳಿದ್ದು ಎರಡು ಹಗಲು, ನಡುವೆ ಒಂದು ರಾತ್ರಿ. ಇಲ್ಲಿ ಬರೆದಿರುವುದು ವನಜರ ಮಾತಿನಂತೆ.

ಯಡ್ತರೆಯ ಆಚೆ ಒಂದು ಮುರಕಲ್ಲು ಗುಡ್ಡವಿತ್ತು. ಮುಳಿಹುಲ್ಲು, ಒಂದಿಷ್ಟು ನವಿಲು, ಮಳೆಗಾಲದಲ್ಲಿ ಹೂ ಕೊಯ್ಯಲು ಹೋಗುವ ಹೆಂಗಸರು, ಇಷ್ಟು ಬಿಟ್ಟರೆ ಅಲ್ಲಿಗೆ ಯಾರ ಸುಳಿವೂ ಇರಲಿಲ್ಲ. ಪುಣೆಯಲ್ಲಿ ಇಪ್ಪತ್ತೈದು ವರ್ಷ ಹೋಟೆಲು ನಡೆಸಿ ಊರಿಗೆ ಮರಳಿದ ಭೋಜ ಶೆಟ್ಟರು ಆ ಗುಡ್ಡದ ನೆತ್ತಿಯನ್ನು ಸಪಾಟು ಮಾಡಿಸಿ ಅರವತ್ತೆರಡು ಮನೆ ಕಟ್ಟಿಸಿದರು. ಎಲ್ಲಕ್ಕೂ ಒಂದೇ ಬಣ್ಣ, ಒಂದೇ ಎತ್ತರ, ಒಂದೇ ಅಳತೆಯ ಬಾಗಿಲು. ಮನೆಗಳ ಕೆಲಸ ನೋಡಿಕೊಂಡಿದ್ದ ಎಂಜಿನಿಯರ್ ನಿತೇಶನ ಕಿಸೆಯಲ್ಲಿ ಸದಾ ಒಂದು ನಿಂಬೆಹಣ್ಣು ಇರುತ್ತಿತ್ತು. ಮನೆ ನೋಡಲು ಬಂದವರ ಮುಂದೆ ಅವನು ಬಗ್ಗಿ, ಆ ಹಣ್ಣನ್ನು ಜಗಲಿಯಿಂದ ಒಳಕ್ಕೆ ಉರುಳಿಸುತ್ತಿದ್ದ. ಅದು ಬಾಗಿಲು ದಾಟಿ, ನಡುಮನೆ ದಾಟಿ, ಅಡುಗೆಮನೆ ಹೊಕ್ಕು ಹಿಂಬಾಗಿಲಿಗೆ ಹೋಗಿ ಮುಟ್ಟುತ್ತಿತ್ತು.

"ಕಾಣಿ, ಎಲ್ಲೂ ಒಂದ್ ತಡಿ ಇಲ್ಲೆ," ಎನ್ನುತ್ತಿದ್ದ ನಿತೇಶ್. ಮುಂಬೈಯಿಂದ ಬಂದವರು ಚಪ್ಪಾಳೆ ತಟ್ಟುತ್ತಿದ್ದರು.

ತಡೆ ಇಲ್ಲವೆಂದರೆ ಹೊಸ್ತಿಲು ಇಲ್ಲ ಎಂದರ್ಥ. ಅರವತ್ತೆರಡು ಮನೆಗಳಲ್ಲಿ ಒಂದಕ್ಕೂ ಇರಲಿಲ್ಲ. ಮನೆಗಳು ಮಾರಾಟವಾದವು, ಆದರೆ ಕೊಂಡವರು ಬೀಗ ಹಾಕಿ ಮುಂಬೈಗೂ ದುಬೈಗೂ ಹೊರಟುಹೋದರು. ಎರಡನೇ ಮಳೆಗಾಲಕ್ಕೆ ಜನ ಇದ್ದದ್ದು ಒಂಬತ್ತು ಮನೆಗಳಲ್ಲಿ ಮಾತ್ರ. ಸಂಜೆ ಹೆದ್ದಾರಿಯಿಂದ ನೋಡಿದರೆ ಗುಡ್ಡದ ಮೇಲೆ ಅಲ್ಲೊಂದು ಇಲ್ಲೊಂದು ದೀಪ ಕಾಣುತ್ತಿತ್ತು. ಭೋಜ ಶೆಟ್ಟರಿಗೆ ಅದೇ ದೊಡ್ಡ ಚಿಂತೆ.

ಹದಿನೇಳನೇ ಮನೆ ಪದ್ದುವಿನ ಸೊಸೆ ಚಂದನಾಳ ಹೆಸರಿಗೆ ಆಗುವುದಿತ್ತು. ಪದ್ದು ಮರವಂತೆಯವಳು, ನಲವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವಳು. ಅವಳ ಗಂಡ ಕೊರಗ ಬದುಕಿದ್ದಾಗಲೇ ಸಮುದ್ರ ಅವರ ಮನೆಯನ್ನು ಒಮ್ಮೆ ತೆಗೆದುಕೊಂಡಿತ್ತು. ಅವನು ತೀರಿದ ಮೇಲೆ ಮತ್ತೆ ಎರಡು ಸಲ. ಪ್ರತಿಸಲವೂ ಅಲೆ ಅಂಗಳಕ್ಕೆ ಬಂದಾಗ ಪದ್ದು ಮೊದಲು ಕೈ ಹಾಕಿದ್ದು ಪಾತ್ರೆಗಲ್ಲ, ಪೆಟ್ಟಿಗೆಗಲ್ಲ. ಹಾರೆ ಹಾಕಿ ಹೊಸ್ತಿಲನ್ನು ಎಬ್ಬಿಸುತ್ತಿದ್ದಳು. ಅದು ಕೊರಗನ ಮೊದಲ ದೋಣಿಯ ತಳದ ಮರ. ಆ ಕುಟುಂಬದಲ್ಲಿ ಒಂದು ಕ್ರಮ ಬೆಳೆದುಬಂದಿತ್ತು: ಹೊಸ ಜಾಗದಲ್ಲಿ ಮೊದಲು ಹೊಸ್ತಿಲು ಇಡುವುದು, ಆಮೇಲೆ ಅದರ ಹಿಂದೆ ಮನೆ ಕಟ್ಟುವುದು. ಹೀಗಾಗಿ ಮೂರು ಮನೆ ಹೋದರೂ ಹೊಸ್ತಿಲು ಒಂದೇ ಉಳಿದಿತ್ತು.

ಕಡಲಿಂದ ದೂರ, ಗುಡ್ಡದ ಮೇಲೆ ಮನೆ ಎಂದಾಗ ಮಗ ಅಕ್ಷಯನೂ ಚಂದನಾಳೂ ನೆಮ್ಮದಿಯ ಉಸಿರುಬಿಟ್ಟರು. ಸಾಮಾನು ಇಡಲೆಂದು ಬೀಗದ ಕೈ ಮುಂಚಿತವಾಗಿ ಸಿಕ್ಕಿತು. ಮನೆಯ ಪತ್ರ ಮಾತ್ರ ಸೋಣೆ ಸಂಕ್ರಮಣ ಕಳೆದು ಆಗುವುದೆಂದು ಮಾತಾಗಿತ್ತು. ಗೂಡ್ಸ್ ರಿಕ್ಷಾದಲ್ಲಿ ಎಲ್ಲಕ್ಕಿಂತ ಮೇಲೆ ಹೊಸ್ತಿಲನ್ನು ಕಟ್ಟಿಸಿಕೊಂಡು ಪದ್ದು ಬಂದಳು. ಬಡಗಿ ಸೂರನನ್ನು ಕರೆಸಿ, ನಯವಾದ ಟೈಲ್ಸನ್ನು ಒಂದು ಗೇಣಗಲ ಕೀಳಿಸಿ, ಆ ಕಪ್ಪು ಮರವನ್ನು ಬಾಗಿಲಿನಡಿ ಕೂರಿಸಿಯೇಬಿಟ್ಟಳು.

ಮರುದಿನ ನಿತೇಶ್ ಬಂದು ನಿಂತ.

"ಹ್ವಾಯ್ ಪದ್ದಕ್ಕ, ಇದೆಂತ ಇದ್?"

"ಕಾಂತಿಲ್ಯಾ? ಹೊಸ್ತ್ಲ್."

"ಹೊಸ್ತ್ಲ್ ಅಂದೇಳಿ ಗೊತ್ತಾತ್ತ್ ಮರಾಯ್ರೆ. ಇಲ್ಲಿ ಹಾಕುಕೆ ಯಾರ್ ಹೇಳ್ದ್ರ್? ಅರವತ್ತೆರಡ್ ಮನಿ ಒಂದೇ ನಮೂನಿ ಇರ್ಕ್ ಅಂದೇಳಿ ನಿಯಮ ಇತ್ತ್."

"ಅರವತ್ತೆರಡ್ ಮನಿಯಂಗೆ ಒಂದೇ ನಮೂನಿ ಜನ ಇದ್ರಾ?"

ನಿತೇಶ್ ಕಿಸೆಯಿಂದ ನಿಂಬೆಹಣ್ಣು ತೆಗೆದು ಅಭ್ಯಾಸಬಲದಿಂದ ಉರುಳಿಸಿದ. ಅದು ಹೊಸ್ತಿಲಿಗೆ ತಾಗಿ ಅವನ ಬೂಟಿನ ಬಳಿಗೇ ಮರಳಿತು. ಪದ್ದು ಅದನ್ನು ಎತ್ತಿ ಅವನ ಕೈಗೆ ಕೊಟ್ಟು, "ಉಪ್ಪಿನಕಾಯಿ ಹಾಕುಕೆ ಅಡ್ಡಿಲ್ಲೆ," ಎಂದಳು.

ಆ ಸಂಜೆಯೇ ಭೋಜ ಶೆಟ್ಟರ ಮಾತು ಬಂತು. ಸಂಕ್ರಮಣದೊಳಗೆ ಮರ ತೆಗೆಯಬೇಕು, ಇಲ್ಲದಿದ್ದರೆ ಪತ್ರ ಇಲ್ಲ, ಮನೆಯೂ ಇಲ್ಲ. ಚಂದನಾ ಬಾಗಿಲಿಗೆ ಒರಗಿ ನಿಂತಳು. ಅವಳಿಗೆ ಆಗ ಏಳು ತಿಂಗಳು.

"ಅತ್ತೆ, ಒಂದ್ ಮರದ್ ತುಂಡಿಗ್ ಮನಿ ಕಳ್ಕಂಬುದಾ? ಮರವಂತಿಗೆ ತಿರ್ಗಿ ಹೋಪುಕೆ ಅಲ್ಲಿ ಎಂತ ಇತ್ತ್? ಅಂಗಳ ಸೈತ ಇಲ್ಲೆ."

"ಮನಿ ಅಂದ್ರೆ ಎಂತ ಹೆಣೆ? ಒಳಗ್ ಯಾವ್ದ್, ಹೊರಗ್ ಯಾವ್ದ್ ಅಂದೇಳಿ ಗೊತ್ತಾಯ್ಕ್. ಇಲ್ದಿದ್ರೆ ಅದ್ ಬಸ್ ಸ್ಟ್ಯಾಂಡ್."

"ಬಸ್ ಸ್ಟ್ಯಾಂಡ್ ಆರೂ ಅಡ್ಡಿಲ್ಲೆ, ಕಡ್ಲ್ ಬತ್ತಿಲ್ಲೆ ಅಲ್ದಾ."

ಸೊಸೆಯ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಪದ್ದುವಿಗೆ ಚುಚ್ಚಿತು. ಹುಟ್ಟಲಿರುವ ಮಗುವಿಗೆ ಸೂರು ಬೇಕು. ಆದರೆ ಸಮುದ್ರದ ಕೈಯಿಂದ ಮೂರು ಸಲ ಕಿತ್ತು ತಂದದ್ದನ್ನು ಒಂದು ಮಾತಿಗೆ ಹೆದರಿ ಕೊಟ್ಟುಬಿಟ್ಟರೆ, ಆ ಮೂರು ಸಲವೂ ಬಗ್ಗಿದ ಬೆನ್ನಿಗೆ ಏನೆಂದು ಹೇಳುವುದು? ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಮುಂದೆ ವನಜರಿಗೆ ಮಾತ್ರ ಹೇಳಿದಳಂತೆ.

ಸಂಕ್ರಮಣದ ಮುಂಚಿನ ದಿನ ಬೆಳಿಗ್ಗೆ ನಿತೇಶ್ ಮೂವರು ಕೆಲಸದವರನ್ನು ಮರ ಕತ್ತರಿಸುವ ಮಿಷನ್ನಿನೊಂದಿಗೆ ಕರೆತಂದ. ಅಕ್ಷಯ್ ದೋಣಿಯಲ್ಲಿ ವಾರದ ಮೀನುಗಾರಿಕೆಗೆ ಹೋಗಿದ್ದ. ಪದ್ದು ಚಹಾ ಲೋಟ ಕೆಳಗಿಟ್ಟಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಬಂದು ಹೊಸ್ತಿಲ ಮೇಲೆ ಕೂತಳು.

ಈ ಸೀಮೆಯಲ್ಲಿ ಹೊಸ್ತಿಲ ಮೇಲೆ ಯಾರೂ ಕೂರುವುದಿಲ್ಲ. ಅಲ್ಲಿ ಹೊಸ್ತಿಲಜ್ಜಿ ಇರುತ್ತಾಳೆ. ಸೋಣೆ ತಿಂಗಳು ಪೂರ್ತಿ ಹೆಂಗಸರು ದಿನಾ ಹೊಸ್ತಿಲು ತೊಳೆದು, ಬಿಳಿ ಶೇಡಿಮಣ್ಣಿನ ಗೆರೆ ಎಳೆದು, ಸೋಣೆ ಹೂವಿಟ್ಟು ಕೈಮುಗಿಯುವುದು ಅವಳಿಗೇ. ಪದ್ದು ಐದು ವರ್ಷದವಳಿದ್ದಾಗ ಒಮ್ಮೆ ಹೊಸ್ತಿಲಲ್ಲಿ ಕೂತದ್ದಕ್ಕೆ ಅವಳ ತಾಯಿ ತೊಡೆ ಕೆಂಪಾಗುವಂತೆ ಬಾರಿಸಿದ್ದಳು. ಅರವತ್ತಮೂರನೇ ವಯಸ್ಸಿನಲ್ಲಿ ಕೂರುವಾಗ ಆ ತೊಡೆ ಸುಮ್ಮನೆ ಉರಿಯಿತು. ಅವಳು ಕದಲಲಿಲ್ಲ.

ಕೆಲಸದವರು ಮುಖ ಮುಖ ನೋಡಿಕೊಂಡರು. ಹೊಸ್ತಿಲಲ್ಲಿ ಕೂರಬಾರದೆಂಬುದು ಎಷ್ಟು ಗಟ್ಟಿಯೋ, ಕೂತ ಮನುಷ್ಯರನ್ನು ದಾಟಬಾರದೆಂಬುದೂ ಅಷ್ಟೇ ಗಟ್ಟಿ. ಮೊದಲನೆಯದನ್ನು ಅವಳು ಮುರಿದಿದ್ದಳು. ಎರಡನೆಯದನ್ನು ಮುರಿಯುವ ಕಾಲು ಅಲ್ಲಿ ಯಾರಿಗೂ ಇರಲಿಲ್ಲ.

"ಏಳಿ ಪದ್ದಕ್ಕ, ತಮಾಸಿ ಸಾಕ್."

"ನಾ ಎಂತ ತಮಾಸಿ ಮಾಡ್ತಿಲ್ಲೆ ಮಗಾ. ಒಳಗೆ ಹೋಯ್ಕಾ? ದಾಂಟ್ಕಂಡ್ ಹೋಗ್."

ನಿತೇಶ್ ತಲೆ ಕೆರೆದುಕೊಂಡು, "ಹಿಂದಿನ್ ಬಾಗ್ಲಂಗೆ ಹೋಯ್ನಿ, ಒಳಗಿಂದ ಕೊಯ್ವ," ಎಂದು ಕೆಲಸದವರಿಗೆ ಹೇಳಿದ. ಅವರು ಮನೆ ಸುತ್ತುಹಾಕಿದರು. ಅಷ್ಟರಲ್ಲಿ ಒಳಗಿನಿಂದ ಒಂದು ಸದ್ದು ಬಂತು: ಹಿಂಬಾಗಿಲಿನ ಅಗುಳಿ ಬಿದ್ದ ಸದ್ದು. ಪದ್ದು ತಿರುಗಿ ನೋಡಲಿಲ್ಲ. ಅಡುಗೆಮನೆಯಿಂದ ಚಂದನಾ ಬಂದು ಅತ್ತೆಯ ಹಿಂದೆ ನೆಲಕ್ಕೆ ಕೂತು, ತೆಂಗಿನಕಾಯಿ ತುರಿಯತೊಡಗಿದಳು.

"ಮನಿ ಹೋಪುದಾರೆ ಹೊಟ್ಟಿ ತುಂಬ ಉಂಡ್ಕಂಡ್ ಹೋಪ," ಎಂದಳು.

ಸಂಜೆಯ ತನಕ ಕಾದ ಕೆಲಸದವರು ಮಿಷನ್ ಹೊತ್ತು ಗುಡ್ಡ ಇಳಿದರು, ಪದ್ದು ಮಾತ್ರ ಏಳಲಿಲ್ಲ. ಆ ರಾತ್ರಿ ಪಡುವಣದಿಂದ ಗಾಳಿಮಳೆ ಬಂತು. ಬೋಳು ಗುಡ್ಡದ ಮೇಲೆ ಅದನ್ನು ತಡೆಯಲು ಒಂದು ಮರವೂ ಉಳಿದಿರಲಿಲ್ಲ. ನಿಂಬೆಹಣ್ಣು ಹೋಗುತ್ತಿದ್ದ ದಾರಿಯಲ್ಲೇ ನೀರೂ ಹೋಯಿತು. ಜಗಲಿಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ, ಎಲ್ಲೂ ಒಂದು ತಡೆ ಇಲ್ಲದೆ. ಬೆಳಗಾಗುವಾಗ ಒಂಬತ್ತೂ ಮನೆಗಳ ಹೆಂಗಸರು ನೀರು ನೂಕುತ್ತಿದ್ದರು. ವನಜ ಹಿಡಿಸೂಡಿ ಹಿಡಿದು ಮನೆಯಿಂದ ಮನೆಗೆ ಓಡುತ್ತಿದ್ದರು. ಹದಿನೇಳನೇ ಮನೆಯ ಒಳಗೆ ನೆಲ ಒಣಗಿತ್ತು. ಒದ್ದೆಯಾದದ್ದು ಹೊರಕ್ಕೆ ಮುಖಮಾಡಿ ಕೂತ ಪದ್ದು ಮಾತ್ರ.

ಅಂದು ಸಂಕ್ರಮಣ. ಒಂದನೇ ಮನೆಯಲ್ಲಿದ್ದವರು ಭೋಜ ಶೆಟ್ಟರ ತಾಯಿ ಪ್ರಭಾವತಿ, ಎಂಬತ್ತರ ಸಮೀಪದವರು. ಹಳೆಯ ಗದ್ದೆಮನೆಯ ದೊಡ್ಡ ಹೊಸ್ತಿಲಿಗೆ ಅರವತ್ತು ವರ್ಷ ಸೋಣೆ ಹೂವಿಟ್ಟವರು. ಮಗನ ಹೊಸ ಮನೆಯಲ್ಲಿ ಇದು ಅವರಿಗೆ ಮೊದಲ ಸೋಣೆ. ಶೇಡಿಯ ಬಟ್ಟಲನ್ನೂ ಹೂವಿನ ತಟ್ಟೆಯನ್ನೂ ಹಿಡಿದು ಮುಂಬಾಗಿಲಿಗೆ ಹೋದರು, ಹಿಂಬಾಗಿಲಿಗೆ ಹೋದರು. ಎರಡೂ ಕಡೆ ಇದ್ದದ್ದು ಹೊಳೆಯುವ ಟೈಲ್ಸು, ಅದರ ಮೇಲೆ ಕೆಂಪು ನೀರು. ಕೊನೆಗೆ ತಟ್ಟೆ ಹಿಡಿದುಕೊಂಡೇ ಬೀದಿಗಿಳಿದರು. ಅವರನ್ನು ಕಂಡು ಉಳಿದ ಮನೆಗಳ ಹೆಂಗಸರೂ ಹಿಂದೆ ಬಂದರು. ಆ ಬಡಾವಣೆಯಲ್ಲಿ ಹೂವಿಡಲು ಇದ್ದದ್ದು ಒಂದೇ ಜಾಗ.

"ಪದ್ದು, ಒಂಚೂರ್ ಸರಿ ಕಾಂಬ. ಹೂಗ್ ಇಡ್ಕ್."

"ಸರಿಯುಕಾತಿಲ್ಲೆ ಪ್ರಭಾವತಕ್ಕ. ನಾ ಸರಿದ್ರೆ ನಿಮ್ ಮಗನ್ ಮಿಷನ್ ಬತ್ತ್."

ಪ್ರಭಾವತಿಯವರು ಅವಳನ್ನು ಬಹಳ ಹೊತ್ತು ನೋಡಿದರು. ಹೊಸ್ತಿಲ ಮೇಲೆ ಒಬ್ಬಳು ಮುದುಕಿ. ಬಿಳಿಗೂದಲು ಒದ್ದೆಯಾಗಿ ಹಣೆಗೆ ಅಂಟಿದೆ, ಕೈ ಮೊಣಕಾಲ ಮೇಲಿದೆ. ಅವರು ಬಗ್ಗಿ ಹೂವನ್ನು ಅವಳ ಮಡಿಲಿಗೇ ಇಟ್ಟರು. ಹಿಂದಿದ್ದವಳು ಇನ್ನೊಂದು ಇಟ್ಟಳು. ಮೂರನೆಯವಳು ಕೈಮುಗಿದೇಬಿಟ್ಟಳು.

ಪದ್ದು ಹೂಗಳನ್ನು ಒಂದೊಂದಾಗಿ ಎತ್ತಿ ತಟ್ಟೆಗೆ ತಿರುಗಿ ಹಾಕಿದಳು.

"ನಾನ್ ಅಜ್ಜಿ ಅಲ್ದೆ, ಮೀನ್ ಮಾರು ಪದ್ದು. ನಂಗೆ ಕೈ ಮುಗ್ದ್ ಮನಿಗ್ ಹೋದ್ರೆ ನಿಮ್ ಅಡುಗಿ ಮನಿ ನೀರ್ ಇಂಗುತ್ತಾ? ಹೂಗ್ ಇಡುಕೆ ಜಾಗ ಬೇಕಾರೆ ನಿಮ್ ನಿಮ್ ಬಾಗ್ಲಿಗೆ ಒಂದೊಂದ್ ಹಾಯ್ಕಣಿ. ಸೂರ ಇಲ್ಲೇ ಇದ್ದ."

ಆಗ ಭೋಜ ಶೆಟ್ಟರ ಕಾರು ಬಂದು ನಿಂತಿತು. ಹೆಂಗಸರು ದಾರಿ ಬಿಟ್ಟರು, ಹೊರಟುಹೋಗಲಿಲ್ಲ.

"ಪದ್ದಕ್ಕ, ನಿಮ್ಗೊಂದ್ ನಿಯಮ, ಉಳ್ದೋರಿಗ್ ಒಂದ್ ನಿಯಮ ಮಾಡುಕಾತ್ತಾ? ಏಳಿ."

"ಕಡ್ಲ್ ಮೂರ್ ಸಲ ಬಂದ್ ಕೇಂಡಿತ್ತ್, ನಾ ಕೊಡ್ಲಿಲ್ಲೆ. ನೀವ್ ಒಂದ್ ಸಲ ಬಂದದ್ದಷ್ಟೆ."

"ಹಾಂಗಾರೆ ಪತ್ರ ಇಲ್ಲೆ."

"ಇಲ್ದಿರೆ ಬ್ಯಾಡ. ಅರವತ್ತೆರಡ್ ಮನಿ ಕಟ್ಟಿದ್ರಿ, ಒಕ್ಕಲ್ ಎಷ್ಟ್ ಬಂತ್? ಹನ್ನೆರಡ್ ತಿಂಗ್ಳೂ ಇಲ್ಲೇ ಇಪ್ಪುಕೆ, ಇಲ್ಲೇ ಹೆರುಕೆ, ಇಲ್ಲೇ ಸಾಯುಕೆ ಅಂದೇಳಿ ಬಂದದ್ ನಾವ್. ನಮ್ಮನ್ನ್ ಕಳ್ಸಿ, ಬೀಗಕ್ಕೆ ನಿಯಮ ಹೇಳಿ."

ಶೆಟ್ಟರ ಮುಖ ಕೆಂಪಾಯಿತು. "ಕಾಂತೆ ಒಳಗೆ ಎಂತ ಮಾಡಿದ್ರಿ ಅಂದೇಳಿ," ಎಂದು ಒಂದು ಹೆಜ್ಜೆ ಮುಂದಿಟ್ಟರು. ಪದ್ದು ಕಾಲು ಮಡಚಲಿಲ್ಲ.

"ದಾಂಟಿ," ಎಂದಳು.

ಅವರ ಕಾಲು ನೆಲ ಬಿಟ್ಟಿತ್ತು ಎಂದು ವನಜ ಹೇಳುತ್ತಾರೆ. ಬಿಟ್ಟಿರಲಿಲ್ಲ ಎನ್ನುವುದು ಬಸ್ಸಿನವರ ಮಾತು. ಅಷ್ಟರಲ್ಲಿ ಪ್ರಭಾವತಿಯವರು ಹಿಂದಿನಿಂದ, ದನಿ ಏರಿಸದೆ ಹೇಳಿದರು:

"ಭೋಜ, ನಿನ್ ಎಂಜಿನಿಯರ್ರನ ನಿಂಬಿಹಣ್ಣ್ ಬೆಳಿಗ್ಗೆ ನನ್ ಅಡುಗಿ ಮನಿಯಂಗೆ ತೇಲ್ತಾ ಇತ್ತ್. ಕಾಲ್ ಕೆಳಗಿಡ್."

ಕಾಲು ಕೆಳಗಿಳಿಯಿತು. ಶೆಟ್ಟರು ಕೈಯಲ್ಲಿದ್ದ ಕೀಲಿಗೊಂಚಲನ್ನು ಎರಡು ಸಲ ತಿರುವಿದರು.

"ಆಯ್ತ್. ಮರ ಇರ್ಲಿ. ಆರೆ ಎಲ್ಲ ಬಾಗ್ಲಿನ್ ಬಣ್ಣನೇ ಅದ್ಕೂ ಬಳೀಕ್."

"ಬಳಿಯುಕಾತಿಲ್ಲೆ. ಉಪ್ಪ್ ಕುಡ್ದ ಮರ, ಬಣ್ಣ ನಿಲ್ತಿಲ್ಲೆ."

"ಪತ್ರ ಇವತ್ತೇ ಮಾಡ್ಸ್ತೆ. ಈಗಳಾರೂ ಏಳಿ."

"ಪತ್ರ ಬರ್ಲಿ."

ಚಂದನಾ ಕೈ ತೊಳೆದು, ಸೀರೆ ಬದಲಿಸಿ, ಹಿಂಬಾಗಿಲ ಅಗುಳಿ ತೆಗೆದು ಹೊರಟಳು. ಬೈಂದೂರಿನ ಕಚೇರಿಗೆ ಹೋಗುವ ಶೆಟ್ಟರ ಕಾರಿನಲ್ಲಿ ಅವಳು ಹಿಂದಿನ ಸೀಟಿನ ನಡುವೆ ಕೂತದ್ದನ್ನು ವನಜ ನೆನಪಿಟ್ಟಿದ್ದಾರೆ. ಅವಳು ಮರಳಿದ್ದು ನಾಲ್ಕು ಗಂಟೆಗೆ. ಕಾಗದವನ್ನು ಅತ್ತೆಯ ಕಣ್ಣೆದುರು ಬಿಡಿಸಿ ಹಿಡಿದಳು. ಪದ್ದುವಿಗೆ ಓದಲು ಬಾರದು. ಸೊಸೆಯ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಿಟ್ಟಳು. ಆಮೇಲೆ ಏಳಲು ನೋಡಿದರೆ ಮೊಣಕಾಲು ಕೇಳಲಿಲ್ಲ. ಚಂದನಾ ಎರಡೂ ಕೈ ಕೊಟ್ಟು ಎಬ್ಬಿಸಿದಳು.

ಪದ್ದು ಕೊಡಪಾನದಲ್ಲಿ ನೀರು ತಂದು ಹೊಸ್ತಿಲನ್ನು ತೊಳೆದಳು. ಶೇಡಿಯಲ್ಲಿ ಗೆರೆ ಎಳೆದಳು, ಹೂವಿಟ್ಟಳು. ಕೈಮುಗಿಯುವಾಗ ಅವಳು ಹೇಳಿದ್ದನ್ನು ಹತ್ತಿರವಿದ್ದ ವನಜ ಕೇಳಿಸಿಕೊಂಡರು:

"ಅಜ್ಜಿ, ಎರಡ್ ದಿನ ನಿನ್ ತಲಿ ಮೇಲ್ ಕೂತಿದ್ದೆ. ತಪ್ಪಾಯ್ತ್ ಅಂದೇಳಿ ಹೇಳ್ತಿಲ್ಲೆ. ಕೂರ್ಕಾಯ್ತ್, ಕೂತೆ."

ಅದರ ಮರುವಾರದಿಂದ ಸೂರನಿಗೆ ಬಿಡುವಿರಲಿಲ್ಲ. ಮೊದಲು ಒಂದನೇ ಮನೆ, ಆಮೇಲೆ ಉಳಿದ ಎಂಟು. ಹೊಸ್ತಿಲಿರುವ ಮನೆಗಳು ಈಗ ನಲವತ್ತೊಂದು. ಜನ ಇರುವ ಮನೆಗಳೂ ಅಷ್ಟೇ. ಉಳಿದವು ಇನ್ನೂ ಬೀಗದಲ್ಲಿವೆ. ರಸ್ತೆಯಾಚೆ ಶೆಟ್ಟರು ಹೊಸದಾಗಿ ಕಟ್ಟಿಸುತ್ತಿರುವ ಮನೆಗಳಿಗೆ ನಿತೇಶನೇ ಹೊಸ್ತಿಲಿಗೆಂದು ಹಲಸಿನ ಮರ ಅಳತೆ ಹಾಕಿಸುತ್ತಾನೆ, ಅದು ತನ್ನದೇ ಯೋಚನೆ ಎಂದೂ ಹೇಳುತ್ತಾನೆ.

ವನಜ ಇಷ್ಟು ಹೇಳಿ ಮಡಿಲಿನ ತೊಟ್ಟುಗಳನ್ನು ಕೊಡವಿದರು.

"ಪದ್ದಕ್ಕ ಎಲ್ಲಿ, ಇವತ್ತ್ ಕಂಡಿಲ್ಲೆ?" ಎಂದು ಕೇಳಿದಳು ಹೊಸದಾಗಿ ಬಂದ ಮನೆಯ ಗುಲಾಬಿ.

"ಮನಿಯಂಗೇ ಇದ್ರ್. ಮೊಮ್ಮಗ್ಳ್ ಈಗ ನಡುಕೆ ಕಲ್ತಿತ್ತ್. ಹೊಸ್ತ್ಲ್ ಮೇಲ್ ಹೋಯ್ ಕೂಕಂತ್ತ್ ಅಂಬ್ರ್, ಎಷ್ಟ್ ಎಬ್ಸಿರೂ ಏಳುದಿಲ್ಲೆ."

"ಪದ್ದಕ್ಕ ಹೊಡಿತಿಲ್ಯಾ?"

"ಹೊಡಿತ್ರಾ? ಪಕ್ಕದಂಗೆ ನಿಂತ್ಕಂಡ್ ನೆಗಾಡ್ತ್ರ್."

ಹೊತ್ತು ಇಳಿಯುತ್ತ ಬಂದಿತ್ತು. ಹೆಂಗಸರು ತಮ್ಮ ತಮ್ಮ ಪಾಲಿನ ಹೂವನ್ನು ಬಾಳೆಲೆಯಲ್ಲಿ ಕಟ್ಟಿಕೊಂಡು ಎದ್ದರು. ಬೀದಿಯಲ್ಲಿ ಒಬ್ಬೊಬ್ಬರಾಗಿ ಚದುರಿ, ತಮ್ಮ ಬಾಗಿಲಿಗೆ ಹೋಗಿ, ಕಾಲೆತ್ತಿ ಒಳಗಿಟ್ಟರು.