ಪಾರಿವಾಳ ಮಾರಿ ಮುಚ್ಚಿಟ್ಟ ಸಂಬಳ

ಕೆಲಸಕ್ಕೆ ಹೋದರೆ ದುಡಿದಿದ್ದೆಲ್ಲ ಶಿಶುವಿಹಾರದ ಪಾಲು. ಹೋಗದಿದ್ದರೆ ಮನೆ ನಡೆಯುವುದಿಲ್ಲ. ಇಂಗ್ಲೆಂಡಿನ ಬರ್ನ್ಲಿ ಊರಿನ ಆ ಕಲ್ಲುಮನೆಗಳ ಸಾಲಿನಲ್ಲಿ ಮಗು ಹೆತ್ತ ಹೆಂಗಸರಿಗೆಲ್ಲ ಈ ಕಷ್ಟ ಗೊತ್ತು. ೨೦೦೯ರ ಜನವರಿಯಲ್ಲಿ ಅದು ಲಿಂಡ್ಸಿಯ ಬಾಗಿಲಿಗೆ ಬಂದಿತ್ತು.

ಬಸುರಿಯಾದಾಗ ಬಿಟ್ಟಿದ್ದ ಬೇಕರಿ ಕೆಲಸಕ್ಕೆ ಯಜಮಾನರು ಮತ್ತೆ ಕರೆದಿದ್ದರು. ವಾರಕ್ಕೆ ಹದಿನಾರು ಗಂಟೆ. "ಶುಕ್ರವಾರದೊಳಗೆ ಹೇಳಿಬಿಡಮ್ಮ. ಆಗಲ್ಲ ಅಂದ್ರೆ ಬೇರೆ ಹುಡುಗಿ ಕಾಯ್ತಿದ್ದಾಳೆ" ಅಂದಿದ್ದರು. ಹತ್ತು ತಿಂಗಳ ಮಗು ಮೇಸಿಯನ್ನು ಸೊಂಟಕ್ಕೆ ಏರಿಸಿಕೊಂಡು ಲಿಂಡ್ಸಿ ಅಡುಗೆಮನೆಯಲ್ಲಿ ಸುಮ್ಮನೆ ಅತ್ತಿಂದಿತ್ತ ಓಡಾಡುತ್ತಿದ್ದಳು. ಅವಳಿಗೆ ಆ ಕೆಲಸ ಬೇಕಿತ್ತು. ಹಿಟ್ಟಿನ ವಾಸನೆ, ಬೆಳಗಿನ ಗಿರಾಕಿಗಳ ತಲೆಹರಟೆ, ತನ್ನದೇ ಆದ ನಾಲ್ಕು ಕಾಸು, ಎಲ್ಲವೂ ಬೇಕಿತ್ತು.

ಪಕ್ಕದ ಮನೆಯ ಡೋರೀನ್ ಆಂಟಿ ಚಹಾಕ್ಕೆ ಬಂದವಳು ಅವಳ ಮುಖ ನೋಡಿಯೇ ಕೇಳಿದಳು. ಡೋರೀನ್ ಪ್ರತಿ ಬುಧವಾರ ಲೈಬ್ರರಿಯಲ್ಲಿ ಮೇಜು ಹಾಕಿಕೊಂಡು ಜನರಿಗೆ ಸರ್ಕಾರದ ಸವಲತ್ತುಗಳ ಬಗ್ಗೆ ತಿಳಿಸಿಕೊಡುವವಳು.

"ಟ್ಯಾಕ್ಸ್ ಕ್ರೆಡಿಟ್‌ಗೆ ಅರ್ಜಿ ಹಾಕಿದ್ದೀಯ ತಾನೆ?"

"ಇಲ್ಲ ಆಂಟಿ. ಬಿಟ್ಟಿ ಕೂಳು ನಮಗೆ ಬೇಡ ಅಂತಾನೆ ಡ್ಯಾರೆನ್."

"ಬಿಟ್ಟಿ ಕೂಳಾ? ಅವನ ಸಂಬಳದಲ್ಲಿ ವಾರ ವಾರಾನೂ ತೆರಿಗೆ ಮುರ್ಕೋತಾರಲ್ಲ, ಅದು ಯಾರಪ್ಪನ ಮನೆ ಕೂಳಂತೆ? ಮಕ್ಕಳಿರೋ ಮನೆಗೆ ಅಂತ್ಲೇ ಸರ್ಕಾರ ಕೊಡೋ ದುಡ್ಡು ಕಣೇ ಇದು. ನೀವಿಬ್ರೂ ಕೆಲಸಕ್ಕೆ ಹೋಗೋದಾದ್ರೆ ಶಿಶುವಿಹಾರದ ಖರ್ಚಲ್ಲೂ ದೊಡ್ಡ ಪಾಲು ಕೊಡ್ತಾರೆ. ಸರಿ, ಡ್ಯಾರೆನ್‌ಗೆ ವರ್ಷಕ್ಕೆ ಎಷ್ಟು ಬರುತ್ತೆ ಹೇಳು, ನೋಡೋಣ."

ಲಿಂಡ್ಸಿಗೆ ಮದುವೆಯಾಗಿ ಐದು ವರ್ಷ. ಗಂಡನ ಕಾಲಿನ ಅಳತೆ ಗೊತ್ತು, ಗೊರಕೆ ಗೊತ್ತು. ಸಂಬಳ ಗೊತ್ತಿಲ್ಲ!

ಆ ಬೀದಿಯ ಹಳೇ ಗಂಡಸರ ಪದ್ಧತಿ ಅದು. ಶುಕ್ರವಾರ ಸಂಜೆ ಮನೆಖರ್ಚಿನ ನೋಟುಗಳನ್ನು ಬೆಂಕಿಗೂಡಿನ ಮೇಲಿನ ಗಡಿಯಾರದ ಕೆಳಗೆ ಇಡುವುದು, ಮಿಕ್ಕಿದ್ದು ಜೇಬಿಗೆ. ಎಷ್ಟು ಬಂತು ಎಂದು ಹೆಂಡತಿ ಕೇಳುವ ಹಾಗಿಲ್ಲ, ಗಂಡ ಹೇಳುವ ಹಾಗಿಲ್ಲ. ಊರಿನ ಬಟ್ಟೆ ಗಿರಣಿಗಳೆಲ್ಲ ಮುಚ್ಚಿ ಯಾವ ಕಾಲವಾಯಿತು, ಈ ಒಣ ಜಂಭ ಮಾತ್ರ ಮುಚ್ಚಿರಲಿಲ್ಲ.

ಅಂದು ಸಂಜೆ ಲಿಂಡ್ಸಿ ಕೇಳಿಯೇ ಬಿಟ್ಟಳು. ಡ್ಯಾರೆನ್ ಚಮಚ ಕುಕ್ಕಿದ.

"ಗಡಿಯಾರದ ಕೆಳಗೆ ವಾರ ವಾರ ಇಡ್ತಿದ್ದೀನಲ್ಲ, ಒಂದು ವಾರನಾದ್ರೂ ಕಮ್ಮಿ ಆಗಿದ್ಯಾ? ನಮ್ಮಪ್ಪ ಮೂವತ್ತು ವರ್ಷ ಅಮ್ಮಂಗೆ ಸಂಬಳ ಹೇಳ್ಲಿಲ್ಲ. ಅಮ್ಮ ಏನು ಸತ್ತೋದ್ಲಾ?"

"ನಿಮ್ಮಮ್ಮ ಸತ್ತು ನಾಲ್ಕು ವರ್ಷ ಆಯ್ತು ಡ್ಯಾರೆನ್."

ಅವನು ತಟ್ಟೆ ಬಿಟ್ಟು ಎದ್ದುಹೋದ. ಲಿಂಡ್ಸಿಗೆ ಪಿತ್ತ ನೆತ್ತಿಗೇರಿತು. ಯಾವ ಗುಟ್ಟು ಕಾಯುತ್ತಿದ್ದಾನೆ ಇವನು? ಯಾರಿಗೆ ಕೊಡುತ್ತಿದ್ದಾನೆ ಮಿಕ್ಕ ದುಡ್ಡು?

ಬುಧವಾರ ಬೆಳಿಗ್ಗೆ ಎಂದಿನಂತೆ ಡಬ್ಬಿಗೆ ಸ್ಯಾಂಡ್‌ವಿಚ್ ಹಾಕಿಕೊಟ್ಟು ಅವನನ್ನು ಕಾರ್ಖಾನೆಗೆ ಕಳಿಸಿದಳು. ಆಮೇಲೆ ಮೇಸಿಯನ್ನು ತಳ್ಳುಗಾಡಿಯಲ್ಲಿ ಕೂರಿಸಿ ಗುಡ್ಡದ ಮೇಲಿನ ಕೈತೋಟದತ್ತ ಹೊರಟಳು. ಮಾವ ವಿಲ್ಫ್ರೆಡ್ ಹಗಲೆಲ್ಲ ಅಲ್ಲೇ, ತನ್ನ ಪಂದ್ಯದ ಪಾರಿವಾಳಗಳ ಜೊತೆ. ಮಗನಿಗೆ ಅಪ್ಪನಾದರೂ ಬುದ್ಧಿ ಹೇಳಲಿ ಎಂಬುದು ಅವಳ ಲೆಕ್ಕ.

ಆಳೆತ್ತರದ ಗೂಡಿನ ಬಾಗಿಲಲ್ಲಿ ಮಾವ ಇರಲಿಲ್ಲ. ಮಗುಚಿದ ಬಕೆಟ್ಟಿನ ಮೇಲೆ ಕೂತು, ಬೆಳಿಗ್ಗೆ ಅವಳೇ ಕಟ್ಟಿಕೊಟ್ಟ ಸ್ಯಾಂಡ್‌ವಿಚ್ ತಿನ್ನುತ್ತಿದ್ದ, ಅವಳ ಗಂಡ.

"ಡ್ಯಾರೆನ್! ಕಾರ್ಖಾನೆ ಇಲ್ಲಿಗೆ ಬಂತಾ?"

ಒಳಗಿಂದ ವಿಲ್ಫ್ರೆಡ್ ಪೊರಕೆ ಹಿಡಿದು ಬಂದ. ಲಿಂಡ್ಸಿ ಅವನ ಹೆಗಲ ಮೇಲಿಂದ ಒಳಗೆ ನೋಡಿದಳು. ಮೂವತ್ತು ಹಕ್ಕಿಗಳಿದ್ದ ಗೂಡಿನಲ್ಲಿ ನಾಲ್ಕೇ ನಾಲ್ಕು ಗುಟುರು ಹಾಕುತ್ತಿದ್ದವು.

"ಪಾರಿವಾಳ ಎಲ್ಲಿ ಮಾವ?"

"ಮಾರಿದೆ ಕಣಮ್ಮ" ಎಂದ ವಿಲ್ಫ್ರೆಡ್, ನೆಲ ನೋಡುತ್ತ. "ಅಕ್ಟೋಬರಿಂದ ಇವನಿಗೆ ವಾರಕ್ಕೆ ಮೂರೇ ದಿನ ಕೆಲಸ. ಮನೆಖರ್ಚು ಕಮ್ಮಿ ಇಟ್ರೆ ನಿನಗೆ ಗೊತ್ತಾಗುತ್ತಲ್ಲ... ಅದಕ್ಕೇ ವಾರಕ್ಕೆ ಒಂದೋ ಎರಡೋ ಮಾರ್ಕೊಂಡು ಬಂದೆ."

ಲಿಂಡ್ಸಿಗೆ ಮೈಯೆಲ್ಲ ಉರಿಯಿತು. ನಿಮಗೆ ಉರಿಯುತ್ತಿರಲಿಲ್ಲವೇ?

"ಬಾಯಿಗೇನು ಕಡುಬು ತುರ್ಕೊಂಡಿದ್ರಾ ಅಪ್ಪ ಮಗ ಇಬ್ರೂ? ನಾಲ್ಕು ತಿಂಗಳಿಂದ ಕತ್ತಲಲ್ಲೇ ಎದ್ದು ಡಬ್ಬಿ ಕಟ್ತಿದ್ದೀನಿ, ನೀನು ಇಲ್ಲಿ ಬಕೆಟ್ ಮೇಲೆ ಕೂರೋದಕ್ಕಾ? ನಾನೇನು ಹೊರಗಿನವಳಾ?"

"ನಿನಗೆ ಯೋಚನೆ ಹಚ್ಚೋದು ಬೇಡ ಅಂತ..."

"ಯೋಚನೆ! ಕೆಲಸ ಕೈಬಿಟ್ಟು ಹೋಗ್ತಿದೆ ಅಂತ ಒಬ್ಳೇ ಸಾಯ್ತಿದ್ದೀನಲ್ಲ, ಇದಕ್ಕೆ ಯಾರು ಯೋಚನೆ ಹಚ್ಚಿದ್ದು? ನಡೀರಿ ಇಬ್ರೂ. ಪೊರಕೆ ಬಿಸಾಕಿ ಮಾವ, ನೀವೂ ನಡೀರಿ."

ತಳ್ಳುಗಾಡಿ ಮುಂದೆ, ತಲೆ ತಗ್ಗಿಸಿದ ಇಬ್ಬರು ಗಂಡಸರು ಹಿಂದೆ. ಮೂವರೂ ಲೈಬ್ರರಿಯಲ್ಲಿ ಡೋರೀನಳ ಮೇಜಿನ ಮುಂದೆ ನಿಂತರು. ನಡೆದದ್ದೆಲ್ಲ ಕೇಳಿಸಿಕೊಂಡ ಡೋರೀನ್ ಕನ್ನಡಕ ತೆಗೆದಿಟ್ಟಳು.

"ನೋಡಪ್ಪ ಡ್ಯಾರೆನ್. ಗಂಡ ಹೆಂಡ್ತಿ ಒಂದೇ ಮನೇಲಿದ್ರೆ ಅರ್ಜಿ ಒಂದೇ. ಇಬ್ಬರ ವರ್ಷದ ಆದಾಯಾನೂ ಕೂಡಿಸಿ ನೋಡ್ತಾರೆ. ಆದಾಯ ಜಾಸ್ತಿ ಇದ್ರೆ ಕಮ್ಮಿ ಕೊಡ್ತಾರೆ, ಕಮ್ಮಿ ಇದ್ರೆ ಜಾಸ್ತಿ ಕೊಡ್ತಾರೆ. ನೀನು ಬಾಯಿ ಬಿಡದೆ ಅವಳು ಒಬ್ಳೇ ಅರ್ಜಿ ಹಾಕೋಕೆ ಆಗಲ್ಲ."

"ಹೋದ ವರ್ಷ ಓವರ್‌ಟೈಮ್ ಮಾಡಿದ್ದೆ, ಜಾಸ್ತಿ ಬಂದಿತ್ತು. ಅದನ್ನ ನೋಡಿ ಆಗಲ್ಲ ಅಂತಾರೆ" ಎಂದ ಡ್ಯಾರೆನ್.

"ಶುರು ಮಾಡೋದು ಹೋದ ವರ್ಷದ ಆದಾಯದಿಂದಾನೇ. ಆದ್ರೆ ಈ ವರ್ಷ ಇಳಿದಿದೆ ಅಂತ ನೀನು ಹೇಳಿದ್ರೆ, ಈ ವರ್ಷದ ಅಂದಾಜು ಹಿಡಿದು ಮತ್ತೆ ಲೆಕ್ಕ ಹಾಕ್ತಾರೆ. ಹೇಳ್ಬೇಕು, ಅಷ್ಟೆ."

"ನಾಳೆ ಮತ್ತೆ ಐದು ದಿನ ಕೆಲಸ ಕೊಟ್ರೆ?"

"ಅದನ್ನೂ ತಕ್ಷಣ ಹೇಳು. ಇವಳು ಬೇಕರಿಗೆ ಸೇರಿದ್ರೆ ಅದೂ ಹೇಳು. ಹೇಳದೆ ಕೂತ್ರೆ ಜಾಸ್ತಿ ಕೊಟ್ಟಿದ್ದನ್ನ ಆಮೇಲೆ ವಾಪಸ್ ಕಿತ್ಕೋತಾರೆ. ಆಗ ಸರ್ಕಾರ ಮೋಸ ಮಾಡ್ತು ಅಂತ ನನ್ನ ಹತ್ರ ಅಳ್ತಾ ಬರಬೇಡ."

"ಮಗು ಹುಟ್ಟಿದಾಗಿನಿಂದ ಲೆಕ್ಕ ಹಾಕಿ ಕೊಡ್ತಾರಲ್ವಾ ಆಂಟಿ?" ಲಿಂಡ್ಸಿ ಕೇಳಿದಳು.

ಡೋರೀನ್ ಮೇಸಿಯ ಕೆನ್ನೆ ಸವರಿದಳು. "ಇಲ್ಲ ಕಂದ. ಅರ್ಜಿ ಕೊಟ್ಟ ದಿನದಿಂದ ಹಿಂದಕ್ಕೆ ಮೂರೇ ತಿಂಗಳು. ಓವರ್‌ಟೈಮ್ ಇದ್ದಾಗ್ಲೂ ಒಂದಿಷ್ಟು ಸಿಗ್ತಿತ್ತು. ಮಗೂನ ಮೊದಲ ವರ್ಷಕ್ಕೆ ಅಂತ ಮೇಲೆ ಇನ್ನೊಂದಿಷ್ಟು ಬೇರೆ. ಅದಕ್ಕಿಂತ ಹಿಂದಿನ ಏಳು ತಿಂಗಳದ್ದು ಹೋಯ್ತು."

"ಹೋಯ್ತು ಅಂದ್ರೆ?" ವಿಲ್ಫ್ರೆಡ್ ನಂಬದೆ ಕೇಳಿದ.

"ಹೋಯ್ತು ಅಂದ್ರೆ ಹೋಯ್ತು ವಿಲ್ಫ್ರೆಡ್. ಯಾರ ಕೈಕಾಲು ಹಿಡಿದ್ರೂ ಬರಲ್ಲ."

ಲಿಂಡ್ಸಿ ಗಂಡನ ಕಡೆ ತಿರುಗಿದಳು. ದನಿ ಏರಿಸಲಿಲ್ಲ, ಅದಕ್ಕೇ ಡ್ಯಾರೆನ್‌ಗೆ ಹೆಚ್ಚು ಭಯವಾಯಿತು. "ಸಂಬಳ ಎಷ್ಟು? ಇಲ್ಲೇ ಹೇಳು."

ಅವನು ಗೊಣಗಿದ.

"ಗಟ್ಟಿಯಾಗಿ."

ಹೇಳಿದ. ಲಿಂಡ್ಸಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಗುಟ್ಟೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಬಾಡಿಗೆ ಕಳೆದರೆ ಬಂದದ್ದೆಲ್ಲ ಆ ಗಡಿಯಾರದ ಕೆಳಗೇ ಬರುತ್ತಿತ್ತು. ಬಸ್ಸಿನ ದುಡ್ಡೂ ಮಿಗದೆ ಅವನು ಕಾರ್ಖಾನೆಗೆ ನಡೆದೇ ಹೋಗುತ್ತಿದ್ದ.

"ಇಷ್ಟೇನಾ? ಇದನ್ನ ಮುಚ್ಚಿಡೋಕೆ ನಿಮ್ಮಪ್ಪನ ಹಕ್ಕಿ ಮಾರಿಸಿದ್ಯಾ? ಮೇಸಿ ದುಡ್ಡು ಕಳೆದ್ಯಾ?" ಅಂದಳು. ಸಿಟ್ಟಿನಲ್ಲೇ ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ತಪ್ಪಾಯ್ತು" ಎಂದ ಡ್ಯಾರೆನ್. ಅರ್ಜಿಗೆ ಇಬ್ಬರೂ ಅಂದೇ ಸಹಿ ಹಾಕಿದರು. ಶುಕ್ರವಾರ ಲಿಂಡ್ಸಿ ಬೇಕರಿಗೆ ಹೋಗಿ "ಬರ್ತೀನಿ" ಅಂದಳು. ಸಂಜೆ ಡ್ಯಾರೆನ್ ನೋಟುಗಳನ್ನು ಗಡಿಯಾರದ ಕಡೆ ಒಯ್ಯುತ್ತಿದ್ದಾಗ "ಅಲ್ಲಿ ಬೇಡ" ಎಂದು ಕುರ್ಚಿ ಎಳೆದಳು. "ಇಲ್ಲಿ ಕೂತು ಹೇಳು. ಎಷ್ಟು ಬಂತು?"

ಮಾರ್ಚಿನಲ್ಲಿ ಒಂದು ಬೆಳಿಗ್ಗೆ, ಮಾರಿದ್ದ ಹಕ್ಕಿಗಳಲ್ಲಿ ನೀಲಿ ಕತ್ತಿನದೊಂದು ಹಾರಿಕೊಂಡು ಹಳೇ ಗೂಡಿಗೇ ಬಂದು ಕೂತಿತು. ಪಂದ್ಯದ ಪಾರಿವಾಳ, ಮನೆ ಮರೆಯುವುದಿಲ್ಲ. ಕೊಂಡವನಿಗೆ ಫೋನ್ ಮಾಡಿದರೆ "ನೀವೇ ಇಟ್ಕೊಳಿ ತಾತ" ಅಂದ. ವಿಲ್ಫ್ರೆಡ್ ಕುಣಿಯುತ್ತ ಸೊಸೆಗೆ ಹೇಳಲು ಬೇಕರಿಗೆ ಬಂದ.

"ಒಳ್ಳೇದಾಯ್ತು ಮಾವ" ಅಂದಳು ಲಿಂಡ್ಸಿ, ಕೈಗಂಟಿದ ಹಿಟ್ಟು ಒರೆಸಿಕೊಳ್ಳುತ್ತ. "ಹಕ್ಕಿ ವಾಪಸ್ ಬಂತು. ಆ ಏಳು ತಿಂಗಳು ಬರಲ್ಲ."

ಚಿಕ್ಕ ಮಕ್ಕಳ ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಊರು ಯಾವುದಾದರೂ ಇರಲಿ, ಸವಲತ್ತಿಗೆ ಹೆಸರು ಏನಾದರೂ ಇರಲಿ. ಮನೆಯ ಆದಾಯ ಇಬ್ಬರಿಗೂ ಗೊತ್ತಿರಲಿ. ಏರಿದರೂ ಹೇಳಿ, ಇಳಿದರೂ ಹೇಳಿ, ಬೇಗ ಹೇಳಿ. ತಿಳಿಯದಿದ್ದರೆ ತಿಳಿದವರನ್ನು ಕೇಳಿ, ಅದರಲ್ಲಿ ಮಾನ ಹೋಗುವುದೇನೂ ಇಲ್ಲ. ಇದನ್ನು ಓದಿ ಮುಗಿಸಿದ ಮೇಲೆ ಒಳಗೆ ಹೋಗಿ, ನಿಮ್ಮ ಹೆಂಡತಿಗೋ ಗಂಡನಿಗೋ ಸಂಬಳ ಎಷ್ಟೆಂದು ಹೇಳಿ. ಗಟ್ಟಿಯಾಗಿ ಹೇಳಿ.