ಬಾವಿ ಮುಟ್ಟುವ ಓಟ

ನನ್ನ ಕಾಲಿಗೆ ಸುಮ್ಮನೆ ಕೂಡುವುದು ಗೊತ್ತಿರಲಿಲ್ಲ. ಹೊಟ್ಟೆಗಿಲ್ಲದಿದ್ದರೂ ಓಡಬೇಕು, ಜ್ವರ ಬಂದರೂ ಓಡಬೇಕು. ನಮ್ಮೂರಲ್ಲಿ ಯಾರಾದರೂ ಸತ್ತರೆ ಆ ಸುದ್ದಿಯನ್ನು ಬೇರೆ ಊರಿನ ಬೀಗರಿಗೆ ಮುಟ್ಟಿಸುವುದು ನಮ್ಮ ಮನೆಯ ಪಾಲಿಗೆ ಬಂದ ಕೆಲಸ. ಅಜ್ಜ ಮಾಡಿದ, ಅಪ್ಪ ಮಾಡಿದ, ಅಪ್ಪ ಹೋದಮೇಲೆ ನಾನು ಮಾಡಿದೆ. ಭಾತಂಬ್ರಾಕ್ಕೆ ಓಡು, ಔರಾದಕ್ಕೆ ಓಡು. ಹೆಣ ಕಾಯುತ್ತಿರುತ್ತದೆ, ಆದ್ದರಿಂದ ನಡೆಯುವ ಹಾಗಿಲ್ಲ. ಹೋಗಿ ಅಂಗಳದ ಹೊರಗೆ ನಿಂತು ಕೂಗಿ ಹೇಳಬೇಕು. ಒಳಗೆ ಅಳು ಎದ್ದು, ಅಳು ಇಳಿದಮೇಲೆ ಯಾರಿಗಾದರೂ ನೆನಪಾಗಿ ಒಂದು ಜೋಳದ ಭಕ್ರಿ ಮೇಲಿನಿಂದ ನಾನು ಒಡ್ಡಿದ ಬಟ್ಟೆಗೆ ಹಾಕಿದರೆ ಅದೇ ಕೂಲಿ. ಇಪ್ಪತ್ತೆರಡು ವರ್ಷದ ಗಂಡಸು ನಾನು. ಸತ್ತವರ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ, ಆ ಭಕ್ರಿಯ ಮೇಲೆ ಇತ್ತು.

ನಮ್ಮ ಕಡೆ ಮುಟ್ಟುವುದೆಂದರೆ ತಲುಪುವುದು. ಊರು ಮುಟ್ಟಿದೆ, ಕಾಗದ ಮುಟ್ಟಿತು, ಸುದ್ದಿ ಮುಟ್ಟಿತು ಎನ್ನುತ್ತೇವೆ. ಕೈ ತಾಗಿಸುವುದಕ್ಕೂ ಅದೇ ಮಾತು. ಆದರೆ ಆ ಅರ್ಥದಲ್ಲಿ ನಮ್ಮ ಓಣಿಯವರ ಕಿವಿಗೆ ಅದು ಬರುತ್ತಿದ್ದುದು ‘ಮುಟ್ಟಬ್ಯಾಡ’ ಎಂದು ಮಾತ್ರ.

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಆಗ ಮೂರು ತಿಂಗಳೂ ಆಗಿರಲಿಲ್ಲ. ಉರ್ದು ಬೋರ್ಡುಗಳು ಇಳಿಯುತ್ತಿದ್ದವು, ಕನ್ನಡ ಬೋರ್ಡುಗಳು ಇನ್ನೂ ಏರಿರಲಿಲ್ಲ. ಅದಕ್ಕೂ ಮೊದಲು, ದಸರೆಯಲ್ಲಿ, ನಮ್ಮ ನರಸಿಂಗ ಕಾಕಾ ನಾಗಪುರಕ್ಕೆ ಹೋಗಿ ಬೌದ್ಧನಾಗಿ ಬಂದಿದ್ದ. ಬಂದವನೇ ಬಾಗಿಲಲ್ಲಿ ನಿಂತು, “ಇನ್ನ ಮ್ಯಾಗ ಈ ಮನ್ಯಾಂದ ಯಾರೂ ಹೆಣದ ಸುದ್ದಿ ಒಯ್ಯಂಗಿಲ್ಲ” ಅಂದ. ಅವ್ವ ಜನಾಬಾಯಿ, “ಹಂಗಂದ್ರ ಉಣ್ಣೋದು ಏನು, ನಿನ್ನ ಭಾಷಣಾ?” ಎಂದು ಕೇಳಿದಳು. ಇಬ್ಬರ ಮಾತೂ ಖರೆ ಅನಿಸುತ್ತಿತ್ತು. ರಾಜ್ಯ ಬದಲಾಯಿತು, ಧರ್ಮ ಬದಲಾಯಿತು, ನಾನು ಮಾತ್ರ ಅದೇ ದಾರಿಯಲ್ಲಿ ಅದೇ ಓಟ ಓಡುತ್ತಿದ್ದೆ. ರಾತ್ರಿ ಮಲಗಿದರೂ ಮೀನಖಂಡ ಜಿಗಿಯುತ್ತಿತ್ತು.

ಅಂಥದರಲ್ಲಿ ಡಂಗುರ ಬಂತು. ಜನವರಿ ಇಪ್ಪತ್ತಾರಕ್ಕೆ ಓಟದ ಪಂದ್ಯ. ಖಟಕ ಚಿಂಚೋಳಿಯಿಂದ ಭಾಲ್ಕಿಯ ತನಕ, ಮೂರು ಮಡ್ಡಿಗುಡ್ಡ ಏರಿ ಇಳಿದು, ಹದಿಮೂರು ಮೈಲು. ಗೆದ್ದವನಿಗೆ ಬೀದರದ ಒಂದು ಕಚೇರಿಯಲ್ಲಿ ಟಪಾಲು ಒಯ್ಯುವ ಚಪರಾಸಿಯ ಖಾಯಂ ನೌಕರಿ.

ಖಾಯಂ! ಆ ಒಂದು ಮಾತು ನನ್ನ ನಿದ್ದೆ ಕೆಡಿಸಿತು. ಸುದ್ದಿ ಒಯ್ಯುವುದೇ, ಆದರೆ ಖಾಕಿ ಅಂಗಿ ಹಾಕಿಕೊಂಡು, ಒಳಗೆ ಹೋಗಿ, ಮೇಜಿನ ಮೇಲೆ ಇಟ್ಟು ಬರುವುದು. ಅವ್ವನನ್ನೂ ಕಟ್ಟಿಕೊಂಡು ಊರು ಬಿಡಬಹುದು. ಆ ದಿನದಿಂದ ಹೊತ್ತು ಹುಟ್ಟುವ ಮೊದಲೇ ಎದ್ದು ಯಾರೂ ಸಾಯದಿದ್ದರೂ ಓಡತೊಡಗಿದೆ. ಓಣಿಯ ಹೆಂಗಸರು ಗಾಬರಿಯಾಗಿ, “ಯಾರಪಾ, ಯಾರ್ ಹೋದ್ರು?” ಎಂದು ಕೇಳುವರು.

ಆ ಮುಂಜಾನೆ ಖಟಕ ಚಿಂಚೋಳಿಯಲ್ಲಿ ಹದಿನಾಲ್ಕು ಜನ ಸೇರಿದೆವು. ಥಂಡಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ನಮ್ಮೂರ ಪಾಟೀಲರ ಮಗ ಪಂಢರಿ ಬಂದಿದ್ದ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟು. ಸಣ್ಣವರಿದ್ದಾಗ ಇಬ್ಬರೂ ಕಡಲೆ ಹೊಲದ ಬದುವಿನ ಮೇಲೆ ಪಂದ್ಯ ಕಟ್ಟಿ ಓಡಿದವರು. ಅವನಿಗೆ ನೌಕರಿ ಬೇಕಾಗಿರಲಿಲ್ಲ, ಹೆಸರು ಬೇಕಾಗಿತ್ತು. ಭಾಲ್ಕಿಯ ಸೈಕಲ್ ಅಂಗಡಿಯ ಗೌಸೋದ್ದೀನನೂ ಬಂದಿದ್ದ. ಅವನು ಓಡುವುದಕ್ಕಿಂತ ಮಾತಾಡುವುದೇ ಹೆಚ್ಚು.

ಪಂದ್ಯ ನಡೆಸುವವರು ಡ್ರಿಲ್ ಮೇಷ್ಟ್ರು ಶಿವರಾಜಪ್ಪ. ತುಮಕೂರು ಕಡೆಯವರು, ನಮ್ಮ ಸೀಮೆಗೆ ವರ್ಗವಾಗಿ ಬಂದು ಒಂದೇ ತಿಂಗಳು. ಕೊರಳಲ್ಲಿ ಸೀಟಿ ಹಾಕಿಕೊಂಡು ಮೆತ್ತಗೆ ಹೇಳಿದರು: “ನೋಡ್ರಪ್ಪಾ, ಭಾಲ್ಕಿ ಸಂತೆ ಬಯಲಲ್ಲಿ ಬಾವಿ ಇದೆಯಲ್ಲ, ಅದರ ಕಟ್ಟೆಯನ್ನ ಯಾರು ಮೊದಲು ಮುಟ್ತಾರೋ ಅವರೇ ಗೆದ್ದ ಹಾಗೆ. ಗೊತ್ತಾಯ್ತಾ?”

“ಆಯ್ತ್ರೀ ಸಾಹೇಬ್ರ” ಎಂದೆವು. ಬಾವಿ ಕಟ್ಟೆಯ ತನಕ ಹೋಗಿ ಮುಟ್ಟಬೇಕು. ಅದರಲ್ಲಿ ತಿಳಿಯದೇ ಇರುವುದು ಏನಿದೆ? ಮೇಷ್ಟ್ರು ಸೀಟಿ ಊದಿ ಜೀಪು ಹತ್ತಿ ಮುಂದೆ ಹೋದರು.

ಮೊದಲ ಮೂರು ಮೈಲು ನಾನು ಹಿಂದೆಯೇ ಉಳಿದೆ. ಬರಿಗಾಲಿಗೆ ಮುರಂ ಕಲ್ಲು ಹೊಸದೇನಲ್ಲ, ಆದರೆ ಮೈ ಬಿಸಿಯೇರಬೇಕು. ಒಳಗಿನ ಜೀವ ಮಾತ್ರ ತಾಳುತ್ತಿರಲಿಲ್ಲ. ಹೋಗು, ಹೋಗು, ಅವರು ಮುಂದೆ ಹೋದರು ಎಂದು ಒಂದೇ ಸಮನೆ ಚುಚ್ಚುತ್ತಿತ್ತು. ಮೊದಲನೆಯ ಮಡ್ಡಿಯ ಏರಿನಲ್ಲಿ ಐದು ಜನ ಸೊಂಟ ಹಿಡಿದುಕೊಂಡು ನಿಂತುಬಿಟ್ಟರು. ಇಳಿಜಾರಿನಲ್ಲಿ ಇನ್ನೂ ಮೂರು ಜನರನ್ನು ದಾಟಿದೆ. ಇಳಿಯುವಾಗ ಮೈಯನ್ನು ಹಿಂದಕ್ಕೆ ಎಳೆಯಬಾರದು, ಬಿದ್ದರೆ ಬೀಳಲಿ ಎಂದು ಬಿಟ್ಟುಬಿಡಬೇಕು. ಇದನ್ನು ನನಗೆ ಅಪ್ಪ ಹೇಳಿಕೊಟ್ಟಿದ್ದ.

ಎರಡನೆಯ ಮಡ್ಡಿಯ ನೆತ್ತಿಯಲ್ಲಿ ಪಂಢರಿಯ ಬೆನ್ನು ಸಿಕ್ಕಿತು. ಅವನು ತಿರುಗಿ ನೋಡಿ ನಕ್ಕ. “ಏ ವೈಜ್ಯಾ, ಯಾರ್ ಸತ್ತಾರಂತ ಹಿಂಗ ಓಡ್ಲಿಕತ್ತಿ?”

“ಹಳೀ ಸರಕಾರ ಸತ್ತದ! ಭಾಲ್ಕಿಗಿ ಸುದ್ದಿ ಮುಟ್ಟಸ್ಲಿಕ್ಕ ಹೊಂಟೀನಿ.”

ಅವನಿಗೆ ನಗು ತಡೆಯಲಾಗದೆ ಉಸಿರು ತಪ್ಪಿತು. ಎರಡು ಮೈಲು ಜೊತೆಗೇ ಓಡಿದೆವು. ಬೂಟು ಕಚ್ಚುತ್ತಿದೆ ಎಂದ. “ಬಿಚ್ಚಿ ಒಗಿ” ಎಂದೆ. “ಅಪ್ಪ ಸೋಲಾಪುರದಿಂದ ತಂದಾನಲೇ, ಒಗದ್ರ ಕೊಂದೇ ಬಿಡ್ತಾನ” ಎಂದ. ಅವನು ಒಳ್ಳೆಯವ, ಈಗಲೂ ಅದನ್ನೇ ಹೇಳುತ್ತೇನೆ. ಹಳ್ಳ ದಾಟುವಾಗ ನನ್ನ ಕಾಲು ಜಾರಿತು, “ಹುಷಾರ್!” ಎಂದು ಕೂಗಿದ. ಕೈ ಮಾತ್ರ ಕೊಡಲಿಲ್ಲ. ನಾನೂ ಚಾಚಲಿಲ್ಲ.

ಮೂರನೆಯ ಮಡ್ಡಿ ದೊಡ್ಡದು. ಹೊಟ್ಟೆಯಲ್ಲಿ ಮುಳ್ಳು ಆಡಿದಂತಾಗಿ, ನಾಲಗೆ ಅಂಗುಳಕ್ಕೆ ಹತ್ತಿಕೊಂಡಿತು. ಖಾಯಂ, ಖಾಯಂ ಎಂದು ಒಂದೊಂದು ಹೆಜ್ಜೆಗೂ ಅಂದುಕೊಳ್ಳುತ್ತ ಏರಿದೆ. ಪಂಢರಿಯ ಬೂಟಿನ ಸದ್ದು ಹಿಂದೆ ಉಳಿಯಿತು. ಮೇಲೆ ನಿಂತರೆ ಭಾಲ್ಕಿ ಕಂಡಿತು. ನಿಂತದ್ದು ಒಂದು ಉಸಿರಷ್ಟೇ. ಮೈಯನ್ನು ಬಿಟ್ಟುಬಿಟ್ಟೆ, ಕಾಲು ತಾವೇ ಹೋದವು.

ಸಂತೆ ಬಯಲಿನ ತುಂಬ ಜನ. ಹಲಗೆ ಬಾರಿಸುತ್ತಿದ್ದರು, ನಮ್ಮವರೇ. ಅವರಿಗೆ ನನ್ನ ಗುರುತು ಸಿಕ್ಕಿತೋ ಏನೋ, ಸದ್ದು ಒಮ್ಮೆಲೇ ಏರಿತು. ಬಾವಿಯ ಕಲ್ಲಿನ ಕಟ್ಟೆ, ಪಕ್ಕದಲ್ಲಿ ಬಾವುಟ, ಶಿವರಾಜಪ್ಪ ಮೇಷ್ಟ್ರು, ಕುರ್ಚಿಯ ಮೇಲೆ ಪಂಢರಿಯ ಅಪ್ಪ ಪಾಟೀಲರು. ನಾನು ಓಡಿದೆ, ಓಡಿದೆ, ನಿಂತೆ.

ಬಾವಿ ಇನ್ನೂ ಹತ್ತು ಹೆಜ್ಜೆ ದೂರ ಇತ್ತು.

ಬೇಕೆಂದು ನಿಲ್ಲಲಿಲ್ಲ. ಕಾಲು ನಿಂತವು. ಸಣ್ಣವನಿದ್ದಾಗಿನಿಂದ ಯಾವ ಊರಿನ ಬಾವಿಗೆ ಹೋದರೂ ನಾನು ನಿಂತದ್ದು ಅಷ್ಟು ದೂರದಲ್ಲಿ. ಅಲ್ಲಿ ಕೊಡ ಇಟ್ಟುಕೊಂಡು ಕೂತರೆ, ಸೇದುವವರಲ್ಲಿ ಯಾರಿಗಾದರೂ ಮನಸ್ಸು ಬಂದರೆ ಮೇಲಿನಿಂದ ಸುರಿಯುತ್ತಾರೆ. ಹಾಗೆ ದೂರ ನಿಲ್ಲಿಸಬಾರದೆಂದು ಸಂವಿಧಾನದ ಕಾಯಿದೆ ಬಂದು ಏಳು ವರ್ಷವಾಗಿತ್ತು. ಕಾಯಿದೆ ನನ್ನ ಕಾಲಿಗೆ ಇನ್ನೂ ಬಂದಿರಲಿಲ್ಲ.

“ಮುಟ್ಟಿದ! ವೈಜಿನಾಥ ಮುಟ್ಟಿದ!” ಎಂದು ನಮ್ಮವರು ಕೂಗಿದರು. ನಾನು ಗೆದ್ದೆ ಎಂದೇ ತಿಳಿದು ಮೊಣಕಾಲ ಮೇಲೆ ಕೈ ಊರಿ ಬಗ್ಗಿದೆ.

“ಎಲ್ಲಪ್ಪಾ ಮುಟ್ಟಿದೆ?” ಮೇಷ್ಟ್ರು ಕೂಗುತ್ತಿದ್ದರು. “ಇನ್ನೂ ಮುಟ್ಟಿಲ್ಲ ನೀನು!”

“ಮುಟ್ಟೀನಲ್ರೀ ಸಾಹೇಬ್ರ, ಇಲ್ಲೇ ನಿಂತೀನಿ.”

“ಅಯ್ಯೋ, ನಿಂತ್ರೆ ಆಗಲ್ಲ ಕಣಯ್ಯಾ! ಕೈಯಿಂದ! ಕಟ್ಟೆ ಮೇಲೆ ಕೈ ಇಡಬೇಕು! ಹಿಂದೆ ಬರ್ತಾ ಇದ್ದಾನೆ ನೋಡು!”

ಹಲಗೆಯ ಸದ್ದು ನಿಂತಿತು. ಮೇಷ್ಟ್ರ ‘ಮುಟ್ಟು’ ಯಾವುದೆಂದು ಆಗ ನನಗೆ ತಿಳಿಯಿತು, ಅಲ್ಲಿದ್ದ ಎಲ್ಲರಿಗೂ ಅದೇ ಗಳಿಗೆಯಲ್ಲಿ ತಿಳಿಯಿತು. ನಾನು ಯಾಕೆ ನಿಂತೆನೆಂದು ತಿಳಿಯದೇ ಉಳಿದವರು ಮೇಷ್ಟ್ರು ಒಬ್ಬರೇ. ಈ ಹುಡುಗನಿಗೆ ಕಿವಿ ಮಂದವೋ ಎಂಬಂತೆ ಅವರು ತಮ್ಮ ಕೈಯಿಂದ ಕಟ್ಟೆಯನ್ನು ಪಟಪಟ ಬಡಿದು ತೋರಿಸುತ್ತಿದ್ದರು. ಹಿಂದಿನಿಂದ ಬೂಟಿನ ಸದ್ದು ಹತ್ತಿರವಾಗುತ್ತಿತ್ತು.

ಅವ್ವ ಜನರ ಅಂಚಿನಲ್ಲಿ ನಿಂತಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡು ಬ್ಯಾಡ, ಬ್ಯಾಡ ಎಂದು ತಲೆ ಆಡಿಸುತ್ತಿದ್ದಳು. ಅವಳ ಪಕ್ಕದಲ್ಲಿ ನರಸಿಂಗ ಕಾಕಾ, ಮೂರು ತಿಂಗಳು ಬಾಯಿ ಮುಚ್ಚದವನು, ಈಗ ನನ್ನ ಕಾಲನ್ನೇ ನೋಡುತ್ತಿದ್ದ. ಪಾಟೀಲರು ಕುರ್ಚಿಯಿಂದ ಅರ್ಧ ಎದ್ದಿದ್ದರು. ನಮಗೆ ಕೆಲಸ ಕೊಡುವವರು ಅವರು, ಮನೆ ನಿಂತ ಜಾಗ ಅವರದು. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಹದಿಮೂರು ಮೈಲು ಓಡಿದ ಕಾಲು ಹತ್ತು ಹೆಜ್ಜೆ ಇಡಲು ಒಪ್ಪಲಿಲ್ಲ.

ಆಮೇಲೆ ಸಿಟ್ಟು ಬಂತು. ಯಾರ ಮೇಲೆ ಅಂದರೆ ನನ್ನ ಕಾಲಿನ ಮೇಲೆಯೇ. ಮೂರು ಮಡ್ಡಿ ಏರಿ ಬಂದು ಇಲ್ಲಿ ನಿಲ್ಲುತ್ತೀರಾ ಹಲ್ಕಟ್ಟುಗಳಿರಾ?

ಹೋದೆ. ಎರಡೂ ಕೈ ಕಟ್ಟೆಯ ಮೇಲೆ ಇಟ್ಟೆ. ಕಲ್ಲು ಥಂಡಿಯಾಗಿತ್ತು, ಹಗ್ಗ ತಿಂದ ಗೆರೆಗಳಲ್ಲಿ ನೀರು ನಿಂತಿತ್ತು. ಮೇಷ್ಟ್ರು ನನ್ನ ಕೈ ಹಿಡಿದು ಮೇಲೆತ್ತಿ, “ಶಭಾಷ್! ಒಂದನೇ ಸ್ಥಾನ!” ಎಂದು ಕೂಗಿದರು. ಅವರ ಸಂತೋಷ ನೋಡಿ ನನಗೆ ಅಳು ಬಂತು. ಇಡೀ ಬಯಲಿನಲ್ಲಿ ಚಪ್ಪಾಳೆ ಹೊಡೆದವನು ನಮ್ಮ ಕಾಕಾ ಒಬ್ಬನೇ.

ಪಂಢರಿ ಓಡುತ್ತಲೇ ಬಂದ. ನನ್ನನ್ನು ನೋಡಿ ನಗುತ್ತ, ಒಂದು ಕೈ ಮುಂದೆ ಚಾಚಿಕೊಂಡೇ ಬಂದ. ಅಷ್ಟರಲ್ಲಿ ಪಾಟೀಲರು, “ಪಂಢರೀ!” ಎಂದರು. ಜೋರಾಗಿಯೂ ಕೂಗಲಿಲ್ಲ.

ಅವನು ನಿಂತ. ಅಪ್ಪನ ಮುಖ ನೋಡಿದ. ಆಮೇಲೆ ಕಟ್ಟೆಯ ಮೇಲೆ ಒದ್ದೆಯಾಗಿ ಮೂಡಿದ್ದ ನನ್ನ ಹತ್ತು ಬೆರಳಿನ ಗುರುತು ನೋಡಿದ.

“ಮುಟ್ಟಪ್ಪಾ, ಮುಟ್ಟು! ಎರಡನೇ ಬಹುಮಾನ ನಿನ್ನದೇ!” ಎಂದು ಮೇಷ್ಟ್ರು ಮತ್ತೆ ಕಟ್ಟೆ ಬಡಿದರು. “ಎಂಥಾ ಜನರಪ್ಪಾ ನೀವು, ಇಲ್ಲಿತನಕ ಬಂದು ಎಲ್ಲರೂ ಅಲ್ಲೇ ನಿಂತ್ಕೋತೀರಲ್ಲ!”

“ಬಾರೋ ಪಂಢರಿ” ಎಂದೆ. ಜನರ ನಡುವೆ, ಅವನಪ್ಪನ ಎದುರಿಗೆ, ‘ಬಾರೋ’ ಎಂದದ್ದು ಅದೇ ಮೊದಲು. “ಬಾ, ಏನೂ ಆಗಂಗಿಲ್ಲ.”

ಅವನ ಚಾಚಿದ ಕೈ ಹಾಗೇ ಇತ್ತು, ಕಾಲು ಮಾತ್ರ ಏಳಲಿಲ್ಲ. ಗೌಸೋದ್ದೀನ ಏದುಸಿರು ಬಿಡುತ್ತ ಅವನ ಪಕ್ಕದಿಂದ ನುಗ್ಗಿ ಬಂದು ಕಟ್ಟೆಯನ್ನು ಬಡಿದು, ನನ್ನ ಹೆಗಲ ಮೇಲೆ ಕೈ ಹಾಕಿ, “ಮರ್ ಗಯಾ ರೇ ಭಾಯ್” ಎಂದು ಅಲ್ಲೇ ಕುಸಿದು ಕೂತ. ಮೇಷ್ಟ್ರು ಚೀಟಿಯಲ್ಲಿ ನನ್ನ ಹೆಸರು ಬರೆದುಕೊಂಡರು, ಅದರ ಕೆಳಗೆ ಗೌಸೋದ್ದೀನನದು.

ಪಂಢರಿ ಆಗಲೂ ಹತ್ತು ಹೆಜ್ಜೆ ದೂರದಲ್ಲೇ ನಿಂತಿದ್ದ. ನೀರಡಿಕೆಯಿಂದ ಅವನ ತುಟಿ ಒಡೆದಿದ್ದವು. ಕಟ್ಟೆಯ ಮೇಲೆ ತುಂಬಿದ ಕೊಡ ಇತ್ತು, ಅದರ ಪಕ್ಕದಲ್ಲಿ ನಾನಿದ್ದೆ. ಕುಡಿಸಬೇಕೆಂದು ನನಗೆ ಎಷ್ಟು ಅನಿಸಿತೆಂದರೆ, ಕೊಡದ ತನಕ ಕೈ ಹೋಗಿತ್ತು. ಅವನು ನನ್ನನ್ನು ನೋಡಿ, ಬೇಡ ಎನ್ನುವಂತೆ ಸಣ್ಣಗೆ ತಲೆ ಅಲ್ಲಾಡಿಸಿದ.